ಐದು ತಂತಿಯ ಕಂಟ್ರೋಲರ್, ನಾಲ್ಕು ತಂತಿಯ ಯುಎಸ್‌ಬಿ

ಹಳೆಯ ನಿಂಟೆಂಡೊ ಕಂಟ್ರೋಲರಿನ ಕೇಬಲ್ ಕತ್ತರಿಸಿ ಯುಎಸ್‌ಬಿ ಪ್ಲಗ್ ಬೆಸೆದರೆ ಸಾಕು, ಕಂಪ್ಯೂಟರಿನಲ್ಲಿ ಆಡಬಹುದು ಎಂಬ ಸಲಹೆ ಇನ್ನೂ ಸತ್ತಿಲ್ಲ. ಎರಡಕ್ಕೂ 5 ವೋಲ್ಟ್, ಎರಡರಲ್ಲೂ ಬಣ್ಣಬಣ್ಣದ ತೆಳು ತಂತಿ. ನಂಬುವವರಿಗೆ ಅಷ್ಟೇ ಆಧಾರ. ಹಾಗೆ ಬೆಸೆದರೆ ಕಂಪ್ಯೂಟರ್ ತುಟಿ ಪಿಟಕ್ಕೆನ್ನುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸಿದ ಸಾಧನ ತಾನು ಯಾರು, ತನಗೆಷ್ಟು ಗುಂಡಿಗಳಿವೆ ಎಂದು ಮೊದಲು ಹೇಳಿಕೊಳ್ಳಬೇಕು. ಆಮೇಲೆ ಕಂಪ್ಯೂಟರ್ ಕೇಳಿದಾಗಲೆಲ್ಲ ನಿಗದಿತ ರೂಪದಲ್ಲಿ ಉತ್ತರಿಸಬೇಕು. 1985ರಲ್ಲಿ ಅಮೆರಿಕಕ್ಕೆ ಬಂದ ಎನ್‌ಇಎಸ್ (ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್ ಎಂಬ ಟಿವಿ ಆಟದ ಯಂತ್ರ) ಕಂಟ್ರೋಲರಿನ ಒಳಗಿರುವುದು 4021 ಎಂಬ ಒಂದೇ ಒಂದು ಚಿಪ್. ಯುಎಸ್‌ಬಿ ಹುಟ್ಟಿದ್ದು 1996ರಲ್ಲಿ. ಆ ಚಿಪ್ಪಿಗೆ ಈ ಭಾಷೆ ಬರಬೇಕೆಂದು ಬಯಸುವುದೇ ಅನ್ಯಾಯ.

ಆದರೆ 4021ಕ್ಕೆ ಬರುವ ಕೆಲಸ ಬಲು ಸೊಗಸಿನದು. 1977ರ ಅಟಾರಿ ಜಾಯ್‌ಸ್ಟಿಕ್ಕಿನಲ್ಲಿ ಸ್ವಿಚ್ಚಿಗೊಂದು ತಂತಿ: ಐದು ಸ್ವಿಚ್, ಜೊತೆಗೆ ಗ್ರೌಂಡ್ (ವಿದ್ಯುತ್ತು ಮರಳುವ 0 ವೋಲ್ಟಿನ ತಂತಿ), ಒಟ್ಟು ಆರು. ನಿಂಟೆಂಡೊಗೆ ಎಂಟು ಗುಂಡಿ ಬೇಕಿತ್ತು. ಅದೇ ಲೆಕ್ಕದಲ್ಲಿ ಒಂಬತ್ತು ತಂತಿ ಬೇಕಾಗುತ್ತಿತ್ತು. ಅವರು ಐದರಲ್ಲೇ ಮುಗಿಸಿದರು. ಎರಡು ತಂತಿ ವಿದ್ಯುತ್ತಿಗೆ. ಉಳಿದ ಮೂರು ಲ್ಯಾಚ್, ಕ್ಲಾಕ್, ಡೇಟಾ.

ಸಾಲಾಗಿ ನಿಂತ ಎಂಟು ಜನ ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವುದನ್ನು ನೆನೆಯಿರಿ. ಲ್ಯಾಚ್ ತಂತಿಗೆ ಒಂದು ಮಿಡಿತ ಕೊಟ್ಟಾಗ ಎಂಟೂ ಜನರ ಕೈಗೆ ಆ ಕ್ಷಣದ ಗುಂಡಿಗಳ ಸ್ಥಿತಿ ಒಟ್ಟಿಗೇ ಬೀಳುತ್ತದೆ. ಗುಂಡಿ ಒತ್ತಿಲ್ಲವೆಂದರೆ ಕೈಯಲ್ಲಿ ಇಟ್ಟಿಗೆ, ಒತ್ತಿದ್ದರೆ ಬರಿಗೈ. ಹೌದು, ಲೆಕ್ಕ ತಲೆಕೆಳಗು: ಒತ್ತಿದ ಗುಂಡಿ ಅಂದರೆ 0 ವೋಲ್ಟ್. ಕ್ಲಾಕ್ ಒಮ್ಮೆ ಮಿಡಿದರೆ ಎಲ್ಲವೂ ಒಂದು ಹೆಜ್ಜೆ ಮುಂದಕ್ಕೆ. ಡೇಟಾ ತಂತಿ ನೋಡುವುದು ಕೊನೆಯವನ ಕೈಯನ್ನು ಮಾತ್ರ. ಅಲ್ಲಿಗೆ ಬರುವ ಕ್ರಮ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಸಾಲಿನ ಹಿಂತುದಿಯಲ್ಲಿ ಇಟ್ಟಿಗೆ ಕೊಡುವವರು ಯಾರೂ ಇಲ್ಲ, ಚಿಪ್ಪಿನ ಆ ಕಾಲು ಗ್ರೌಂಡಿಗೆ ಸೇರಿದೆ. ಆದ್ದರಿಂದ ಎಂಟು ಮುಗಿದ ಮೇಲೆ ಬರೀ ಬರಿಗೈಗಳೇ.

ಈ ಸಾಲನ್ನು ಓದುವ ಪ್ರೋಗ್ರಾಮ್ ಬರೆಯುವ ಹೊಸಬರ ತೊಂದರೆಯೆಲ್ಲ ಇಲ್ಲೇ. ಲ್ಯಾಚ್ ಆದ ಕೂಡಲೇ ಎ ಗುಂಡಿಯ ಸ್ಥಿತಿ ಡೇಟಾ ತಂತಿಯಲ್ಲಿ ಸಿದ್ಧವಾಗಿರುತ್ತದೆ, ಕ್ಲಾಕ್ ಬೇಕಿಲ್ಲ. ಎಂಟು ಸಲ ಓದಲು ನಡುವೆ ಏಳೇ ಮಿಡಿತ. ಮೊದಲು ಕ್ಲಾಕ್ ಕೊಟ್ಟು ಆಮೇಲೆ ಓದಿದಿರೋ, ಬಿ ಒತ್ತಿದರೆ ಎ ಎನ್ನುತ್ತದೆ, ಬಲ ಒತ್ತಿದರೆ ಎಡ ಎನ್ನುತ್ತದೆ, ನಿಜವಾದ ಎ ಮಾಯ, ಮತ್ತು ಎಂಟನೆಯ ಜಾಗಕ್ಕೆ ಬರಿಗೈ ಬಂದು ‘ಬಲ’ ಸದಾ ಒತ್ತಿದಂತೆ ಕಾಣುತ್ತದೆ. ಪರದೆಯ ಮೇಲಿನ ಆಟಗಾರ ತಾನಾಗಿಯೇ ಬಲಕ್ಕೆ ಓಡುತ್ತಿದ್ದರೆ ಕಂಟ್ರೋಲರನ್ನು ಬಿಚ್ಚಬೇಡಿ, ಪ್ರೋಗ್ರಾಮ್ ನೋಡಿ.

ಆ ಪ್ರೋಗ್ರಾಮ್ ನಡೆಸಲು, ಕಂಟ್ರೋಲರಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಾಗಿ ಒಂದು ಮೈಕ್ರೊಕಂಟ್ರೋಲರ್ (ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಚಿಪ್) ಬೇಕು. ಎಟಿಮೆಗಾ32ಯು4 ಇರುವ 5 ವೋಲ್ಟಿನ ಪ್ರೊ ಮೈಕ್ರೊ ಬೋರ್ಡ್ ಸಾಕು, ಏಕೆಂದರೆ ಆ ಚಿಪ್ಪಿಗೆ ಯುಎಸ್‌ಬಿ ಸ್ವತಃ ಬರುತ್ತದೆ. ಆರ್3ವರೆಗಿನ ಆರ್ಡುಯಿನೊ ಯುನೊ ಬೋರ್ಡುಗಳ ಮುಖ್ಯ ಚಿಪ್ಪಿಗೆ ಬರುವುದಿಲ್ಲ. ಅದನ್ನು ಕೊಂಡು ಕೈಸುಟ್ಟುಕೊಳ್ಳಬೇಡಿ. ಅಸಲಿ ಎನ್‌ಇಎಸ್ ಕೇಬಲ್ಲಿನಲ್ಲಿ ಬಿಳಿ 5 ವೋಲ್ಟ್, ಕಂದು ಗ್ರೌಂಡ್, ಕಿತ್ತಳೆ ಲ್ಯಾಚ್, ಕೆಂಪು ಕ್ಲಾಕ್, ಹಳದಿ ಡೇಟಾ. ಅದರ ನಂತರದ ಯಂತ್ರವಾದ ಸೂಪರ್ ನಿಂಟೆಂಡೊದಲ್ಲಿ ಕೆಂಪು-ಹಳದಿ ಅದಲುಬದಲು: ಹಳದಿ ಕ್ಲಾಕ್, ಕೆಂಪು ಡೇಟಾ. ಅಲ್ಲಿ ಹನ್ನೆರಡು ಗುಂಡಿ, 16 ಬಿಟ್ (ಒಂದು ಬಿಟ್ ಅಂದರೆ ಒಂದು 0 ಅಥವಾ 1). ಕೊನೆಯ ನಾಲ್ಕು ಬಿಟ್ ಸದಾ 1. ಇದರಿಂದ ಒಂದು ಲಾಭ ಉಂಟು: ಯಾವುದನ್ನೇ ಸಿಕ್ಕಿಸಿ 16 ಬಿಟ್ ಓದಿ, ಕೊನೆಯ ನಾಲ್ಕು 0 ಬಂದರೆ ಎನ್‌ಇಎಸ್, 1 ಬಂದರೆ ಸೂಪರ್. ನಕಲಿ ಕಂಟ್ರೋಲರುಗಳಲ್ಲಿ ಮಾತ್ರ ಈ ಪರೀಕ್ಷೆ ಕೈಕೊಡಬಹುದು. ಲ್ಯಾಚ್ ಮಿಡಿತ 12 ಮೈಕ್ರೊಸೆಕೆಂಡ್, ಕ್ಲಾಕಿನ ಏರಿಗೂ ಇಳಿತಕ್ಕೂ ತಲಾ 6 ಇಟ್ಟರೆ ಆಯಿತು. ಡೇಟಾ ಪಿನ್ನಿಗೆ ಪುಲ್-ಅಪ್ (ಅದನ್ನು 5 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ಹಾಕುವುದನ್ನು ಮರೆತರೆ, ಕಂಟ್ರೋಲರ್ ಕಳಚಿದಾಗ ಕಾಣದ ಕೈ ಗುಂಡಿ ಒತ್ತತೊಡಗುತ್ತದೆ. ಇದಕ್ಕೆ ದೆವ್ವದ ಅಗತ್ಯವಿಲ್ಲ, ಯಾವುದಕ್ಕೂ ಸೇರದೆ ತೇಲುತ್ತಿರುವ ಒಂದು ಪಿನ್ ಸಾಕು.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ ಟಿವಿ ವೀಡಿಯೊ ಗೇಮುಗಳು ಬಹುಪಾಲು ಇದೇ ಎನ್‌ಇಎಸ್ ಯಂತ್ರದ ನಕಲುಗಳು. ಅವುಗಳ ‘ರಿಮೋಟ್’ ಬಿಚ್ಚಿದರೆ ಚಿಪ್ಪಿನ ಬದಲು ಕಪ್ಪು ಅಂಟಿನ ಗುಳ್ಳೆ ಕಾಣಬಹುದು. ಅದು ಮಾಡುವುದೂ 4021ರ ಕೆಲಸವನ್ನೇ. ತಂತಿಯ ಬಣ್ಣ ಮಾತ್ರ ದೇವರಿಗೇ ಪ್ರೀತಿ. ಮಲ್ಟಿಮೀಟರ್ ಹಿಡಿಯಿರಿ: ಎಲ್ಲ ಗುಂಡಿಗಳ ಒಂದೊಂದು ಬದಿಗೂ ಹರಿದಿರುವ ತಾಮ್ರದ ಪಟ್ಟಿಯೇ ಗ್ರೌಂಡ್. ಚಿಪ್ ಕಾಣುತ್ತಿದ್ದರೆ 16ನೇ ಕಾಲು 5 ವೋಲ್ಟ್, 9 ಲ್ಯಾಚ್, 10 ಕ್ಲಾಕ್, 3 ಡೇಟಾ. ಇವುಗಳ ಒಂಬತ್ತು ತೂತಿನ ಪ್ಲಗ್ ಹಳೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಸಲೀಸಾಗಿ ಕೂರುತ್ತದೆ. ಕೂರಿಸಬೇಡಿ. ಅಲ್ಲಿ 12 ವೋಲ್ಟ್ ಧನವೂ ಇರಬಹುದು, ಋಣವೂ ಇರಬಹುದು.

ಪ್ರಿಂಟರ್ ಪೋರ್ಟ್ ಇದ್ದ ಕಾಲದಲ್ಲಿ ದುಭಾಷಿಯೂ ಬೇಕಿರಲಿಲ್ಲ. 2ನೇ ಪಿನ್ನಿನಿಂದ ಕ್ಲಾಕ್, 3ರಿಂದ ಲ್ಯಾಚ್, 4ರಿಂದ 9ರವರೆಗಿನ ಪಿನ್ನುಗಳಿಂದಲೇ ವಿದ್ಯುತ್ತು. ಆ ಪೋರ್ಟಿಗೆ ಬೇರೆ 5 ವೋಲ್ಟ್ ಪಿನ್ ಇರಲಿಲ್ಲ, ಚಿಪ್ಪಿಗೋ ಅಷ್ಟೇ ಧಾರಾಳವಾಯಿತು. ಉಳಿದದ್ದನ್ನು ಲಿನಕ್ಸಿನ ಗೇಮ್‌ಕಾನ್ ಡ್ರೈವರ್ ನೋಡಿಕೊಳ್ಳುತ್ತಿತ್ತು.

ಎಲ್ಲ ಸರಿಯಿದ್ದೂ ಒಂದೇ ಒತ್ತಿಗೆ ಎರಡು ಜಿಗಿತ ಬಂದರೆ ಕಾರಣ ವೇಗ. ಹಳೆಯ ಯಂತ್ರ ಸೆಕೆಂಡಿಗೆ 60 ಸಲ, ಅಂದರೆ 16.7 ಮಿಲಿಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಗುಂಡಿಯ ಅಡಿಯಲ್ಲಿರುವ ಸವೆದ ಇಂಗಾಲದ ಬಿಲ್ಲೆಯ ತಡಬಡಿಕೆ ಆ ಅಂತರದಲ್ಲಿ ಮುಚ್ಚಿಹೋಗುತ್ತಿತ್ತು. ನೀವು 1 ಮಿಲಿಸೆಕೆಂಡಿಗೊಮ್ಮೆ ಓದಿದರೆ ಅದೂ ಕಾಣುತ್ತದೆ. ಸ್ಥಿತಿ ಬದಲಾದ ಮೇಲೆ 5 ಮಿಲಿಸೆಕೆಂಡ್ ಆ ಗುಂಡಿಯನ್ನು ಲೆಕ್ಕಿಸಬೇಡಿ. ಬಿಲ್ಲೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಉಜ್ಜಿದರೆ ಇಂಗಾಲವೇ ಕಿತ್ತುಬರುತ್ತದೆ.

ವಿಂಡೋಸಿನ ಪರೀಕ್ಷೆಯಲ್ಲಿ ಗುಂಡಿಗಳು ಬೆಳಗಿದರೂ ಹೊಸ ಆಟವೊಂದು ಕಂಟ್ರೋಲರನ್ನು ಕಾಣದಿದ್ದರೆ ತಂತಿಯನ್ನು ಶಂಕಿಸಬೇಡಿ. ಆ ಆಟ ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರನ್ನಷ್ಟೇ ಹುಡುಕುತ್ತಿರುತ್ತದೆ. ಸ್ಟೀಮ್ ಎಂಬ ಆಟದಂಗಡಿಯ ತಂತ್ರಾಂಶದ ಮೂಲಕ ತೆರೆದು ಗುಂಡಿಗಳನ್ನು ಹೊಂದಿಸಿಕೊಳ್ಳಿ. ಹಳೆಯ ಯಂತ್ರಗಳನ್ನು ಅನುಕರಿಸುವ ರೆಟ್ರೊಆರ್ಚ್‌ನಂಥ ಎಮ್ಯುಲೇಟರುಗಳಿಗೆ ಆ ಹೊಂದಾಣಿಕೆಗೆ ಸ್ಟೀಮಿನ ನೆರವು ಬೇಕಿಲ್ಲ.