ರಾಜ್ಯ ಒಪ್ಪಿದ ಬಂದೂಕಿಗೆ ಫೆಡರಲ್ ಕಾನೂನು ಶಿಕ್ಷೆ ಕೊಡಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ನಾನಿರುವ ರಾಜ್ಯದಲ್ಲಿ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಎಚ್-1ಬಿ ವೀಸಾದಲ್ಲಿರುವ ನಾನು ಪರಿಚಯದವರಿಂದ ಪಿಸ್ತೂಲು ಕೊಂಡರೆ ತಪ್ಪೇ? ರಾಜ್ಯ ಒಂದು ಹೇಳಿ, ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಕಾನೂನು ಇನ್ನೊಂದು ಹೇಳಿದರೆ ಯಾವುದನ್ನು ಪಾಲಿಸಬೇಕು?

ಉತ್ತರ: ದಯವಿಟ್ಟು ಕೊಳ್ಳಬೇಡಿ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ, ಗುಂಡುಗಳನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಇದಕ್ಕೆ 15 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಗಡೀಪಾರಿನ ಭಯ ಬೇರೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಅದನ್ನು ನೆಚ್ಚಿಕೊಳ್ಳುವುದು ಅಪಾಯ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ.

ನಿಮ್ಮ ಗೊಂದಲ ಸಹಜವೇ. ಭಾರತದಲ್ಲಿ ಆಯುಧಗಳು ಕೇಂದ್ರ ಪಟ್ಟಿಯ ವಿಷಯ. ಕೊಡಗಿನ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಬಂದೂಕಿನ ವಿನಾಯಿತಿಯನ್ನು ಕೂಡ ಕೇಂದ್ರ ಸರ್ಕಾರವೇ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಟ್ಟಿದೆ. ಅಮೆರಿಕದಲ್ಲಿ ಎರಡೂ ಸರ್ಕಾರಗಳು ಶಾಸನ ಮಾಡುತ್ತವೆ, ಎರಡನ್ನೂ ಒಟ್ಟಿಗೆ ಪಾಲಿಸಬೇಕು. ರಾಜ್ಯದ ನಿಯಮ ಹೆಚ್ಚು ಬಿಗಿಯಾಗಿದ್ದರೆ ಅದಕ್ಕೂ ತಲೆಬಾಗಬೇಕು.

ತೊಡಕು ಶುರುವಾಗುವುದು ರಾಜ್ಯಗಳು ಜನರಿಗೆ ಅಭಯ ಕೊಡಲು ಹೊರಟಾಗ. 2013ರಲ್ಲಿ ಕಾನ್ಸಾಸ್ ಒಂದು ಶಾಸನ ತಂದಿತು: ರಾಜ್ಯದೊಳಗೇ ತಯಾರಾಗಿ ರಾಜ್ಯದೊಳಗೇ ಉಳಿಯುವ ಬಂದೂಕು ಮತ್ತು ಅದರ ಪರಿಕರಗಳಿಗೆ ಫೆಡರಲ್ ಕಾನೂನು ಅನ್ವಯಿಸದು ಎಂದು ಅದು ಸಾರಿತು. ಇದನ್ನು ನಂಬಿ ಅಂಗಡಿಯವನೊಬ್ಬ ಸದ್ದಡಗಿಸುವ ಸೈಲೆನ್ಸರ್ ಮಾರಿದ, ಗಿರಾಕಿಯೊಬ್ಬ ಕೊಂಡ. 1934ರ ಫೆಡರಲ್ ಕಾಯ್ದೆಯಂತೆ ಸೈಲೆನ್ಸರ್ ನೋಂದಣಿಯಾಗಿರಲೇಬೇಕು, ಇದು ಆಗಿರಲಿಲ್ಲ. ಇಬ್ಬರೂ ಅಪರಾಧಿಗಳೆಂದು ತೀರ್ಮಾನವಾಯಿತು. ಮೇಲ್ಮನವಿಯಲ್ಲಿ ಕಾನ್ಸಾಸ್ ಸರ್ಕಾರವೇ ಬಂದು ತನ್ನ ಶಾಸನವನ್ನು ಸಮರ್ಥಿಸಿಕೊಂಡರೂ 2018ರಲ್ಲಿ ಹತ್ತನೆಯ ಸರ್ಕ್ಯೂಟ್ ನ್ಯಾಯಾಲಯ (ಸರ್ಕ್ಯೂಟ್ ಎಂದರೆ ಸುಪ್ರೀಂ ಕೋರ್ಟಿನ ಕೆಳಗಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ) ಶಿಕ್ಷೆಯನ್ನು ಎತ್ತಿಹಿಡಿಯಿತು. ಜೈಲು ತಪ್ಪಿ ಪ್ರೊಬೇಷನ್ (ನಿಗಾದಡಿ ಹೊರಗಿರುವ ಶಿಕ್ಷೆ) ಸಿಕ್ಕಿತು, ನಿಜ. ಅಪರಾಧಿ ಎಂಬ ಹಣೆಪಟ್ಟಿ ಮಾತ್ರ ಉಳಿಯಿತು. ಶಾಸನ ಬರೆದವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದನ್ನು ನಂಬಿದವರು ತೆತ್ತರು. ಇದು ನನಗೆ ಘೋರ ಅನ್ಯಾಯವಾಗಿ ಕಾಣುತ್ತದೆ.

ಹಾಗಾದರೆ ರಾಜ್ಯಕ್ಕೆ ಅಧಿಕಾರವೇ ಇಲ್ಲವೇ? ಇದೆ. ಫೆಡರಲ್ ಬಂದೂಕು ಕಾನೂನು ಜಾರಿಗೊಳಿಸಲು ರಾಜ್ಯದ ಅಧಿಕಾರಿಗಳನ್ನು ದುಡಿಸಿಕೊಳ್ಳುವಂತಿಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅಂದರೆ ರಾಜ್ಯದ ಪೊಲೀಸರು ಸಹಕರಿಸದೆ ಸುಮ್ಮನಿರಬಹುದು. ಆದರೆ ಫೆಡರಲ್ ಅಧಿಕಾರಿ ನಿಮ್ಮ ಬಾಗಿಲಿಗೆ ಬಂದರೆ ರಾಜ್ಯ ಅಡ್ಡ ನಿಲ್ಲಲಾರದು. ಫೆಡರಲ್ ಕಾನೂನನ್ನೇ ಅಸಿಂಧುವೆಂದು ಕರೆದ ಮಿಸೌರಿಯ 2021ರ ಶಾಸನವನ್ನು 2024ರಲ್ಲಿ ಎಂಟನೆಯ ಸರ್ಕ್ಯೂಟ್ ತಳ್ಳಿಹಾಕಿತು.

ಗ್ರೀನ್ ಕಾರ್ಡ್ ಇರುವವರೂ ಪೌರರೂ ಎಡವುವ ಜಾಗ ಗಾಂಜಾ. ಹಲವು ರಾಜ್ಯಗಳು ಅದಕ್ಕೆ ಅನುಮತಿ ಕೊಟ್ಟಿವೆ. ಆದರೆ 1968ರ ಬಂದೂಕು ನಿಯಂತ್ರಣ ಕಾಯ್ದೆ, ಮಾದಕ ವಸ್ತುವನ್ನು ಕಾನೂನುಬಾಹಿರವಾಗಿ ಬಳಸುವವರಿಗೆ ಬಂದೂಕನ್ನು ನಿಷೇಧಿಸುತ್ತದೆ. ಬಳಕೆ ಕಾನೂನುಬಾಹಿರವೇ ಎಂದು ನೋಡುವಾಗ ಇಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯದ್ದಲ್ಲ, ಫೆಡರಲ್ ಕಾನೂನು. ಅಂಗಡಿಯಲ್ಲಿ ತುಂಬಬೇಕಾದ 4473 ಎಂಬ ಅರ್ಜಿ ನಮೂನೆಯಲ್ಲಿ, ರಾಜ್ಯದ ಅನುಮತಿ ಇಲ್ಲಿ ಸಲ್ಲದು ಎಂಬ ಎಚ್ಚರಿಕೆಯನ್ನು 2016ರಲ್ಲಿ ಸೇರಿಸಲಾಯಿತು. ವೈದ್ಯಕೀಯ ಗಾಂಜಾ ಕಾರ್ಡ್ ಇದ್ದ ನೆವಾಡದ ಮಹಿಳೆಗೆ ಬಂದೂಕು ನಿರಾಕರಿಸಿದ್ದು ಸರಿ ಎಂದು ಒಂಬತ್ತನೆಯ ಸರ್ಕ್ಯೂಟ್ ಅದೇ ವರ್ಷ ಹೇಳಿತು. 2023ರಲ್ಲಿ ಐದನೆಯ ಸರ್ಕ್ಯೂಟ್ ಬೇರೆ ದಾರಿ ಹಿಡಿದು, ಗಾಂಜಾ ಸೇದುತ್ತಿದ್ದ ಒಬ್ಬನ ಶಿಕ್ಷೆಯನ್ನು ರದ್ದುಗೊಳಿಸಿತು: ಬಂದೂಕು ಸಿಕ್ಕಾಗ ಆತ ಅಮಲಿನಲ್ಲಿದ್ದನೆಂದು ಯಾರೂ ಸಾಬೀತುಪಡಿಸಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಮತ್ತೊಂದು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡಿತು. ಏನೇ ಆದರೂ, ಆ ನಮೂನೆಯಲ್ಲಿ ಗೊತ್ತಿದ್ದೂ ಸುಳ್ಳು ಬರೆಯಬೇಡಿ; ಅದು ತಾನಾಗಿಯೇ ಪ್ರತ್ಯೇಕ ಅಪರಾಧ.