ನಸುಕಿನ ಮೂರು ಗಂಟೆಯ ಎಚ್ಚರ

ಮನೋವೈದ್ಯನಾದ ನನ್ನ ಬಳಿಗೆ ಬರುವ ವೈದ್ಯಕೀಯ ವಿದ್ಯಾರ್ಥಿಗಳು ಕುಡಿತದ ಮಾತು ಎತ್ತುವುದಿಲ್ಲ. ‘ಸರ್, ನಿದ್ದೆ ಬರುತ್ತಿಲ್ಲ’ ಎನ್ನುತ್ತಾರೆ. ಅದೂ ಹೊರರೋಗಿಗಳ ಸಾಲು ಕರಗಿದ ಮೇಲೆ, ಚೀಟಿ ಮಾಡಿಸದೆ.

ಒಬ್ಬ ಹುಡುಗನ ಕಥೆಯನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಊರಿಗೇ ಮೊದಲ ಡಾಕ್ಟರಾಗಬೇಕಾದವನು. ಮೊದಲ ವರ್ಷ ಒಂದು ವಿಷಯ ಉಳಿಯಿತು. ಜೊತೆಯವರು ಮುಂದೆ ಹೋದರು, ಮನೆಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ಮಲಗುವ ಮುನ್ನ ಒಂದು ಪೆಗ್ ಎಂದು ಶುರುವಾದದ್ದು ವರ್ಷದೊಳಗೆ ದಿನಕ್ಕೊಂದು ಕ್ವಾರ್ಟರ್‌ಗೆ ಬಂದು ನಿಂತಿತು. 180 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ.

ಯಕೃತ್ತು ಹೇಗೆ ಹಾಳಾಗುತ್ತದೆ ಎಂಬುದನ್ನು ಅವನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಆದರೆ ತನ್ನ ನಿದ್ದೆಗೆ ಏನಾಗುತ್ತಿದೆ ಎಂದು ಯೋಚಿಸಿರಲಿಲ್ಲ. ಮದ್ಯ ಮೆದುಳನ್ನು ಶಾಂತಗೊಳಿಸುವ ಗಾಬಾ ವ್ಯವಸ್ಥೆಯನ್ನು ಬಲಪಡಿಸುತ್ತದೆ. ಅದನ್ನು ಸರಿದೂಗಿಸಲು ಮೆದುಳು ತನ್ನ ಉದ್ರೇಕವನ್ನು ಏರಿಸಿಕೊಳ್ಳುತ್ತದೆ. ನಸುಕಿನಲ್ಲಿ ಮದ್ಯದ ಅಂಶ ಇಳಿದಾಗ ಉಳಿಯುವುದು ಆ ಉದ್ರೇಕ ಮಾತ್ರ. ಎದೆ ಡವಡವ, ಬೆವರು, ಕಾರಣವಿಲ್ಲದ ಭಯ. ಇದನ್ನು ಪರೀಕ್ಷೆಯ ಭಯವೆಂದೇ ತಿಳಿದು ಅವನು ಮರುದಿನ ಇನ್ನಷ್ಟು ಕುಡಿಯುತ್ತಿದ್ದ. ಕೊನೆಗೆ ಸ್ನೇಹಿತನಿಂದ ಆಲ್ಪ್ರಜೋಲಾಂ ಎಂಬ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆಯನ್ನೂ ತರಿಸಿಕೊಂಡ. ಇವೆರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು. ಅಂದು ನನಗೆ ನಿಜವಾಗಿ ಹೆದರಿಕೆಯಾದದ್ದು ಆ ಮಾತ್ರೆಯ ಮಾತು ಕೇಳಿದಾಗ.

ಹೀಗೆ ದಿನವೂ ಕುಡಿಯುವವರು ಹಾಸ್ಟೆಲ್ ಕೋಣೆಯಲ್ಲಿ ಒಬ್ಬರೇ ಕುಳಿತು ಒಮ್ಮೆಲೇ ಬಿಡಲು ಹೋಗಬಾರದು. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರುವ ಅಪಾಯವಿದೆ. ಅವನನ್ನು ದಾಖಲಿಸಿಕೊಂಡು, ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು, ನಿಗಾದಲ್ಲಿಟ್ಟು ಬಿಡಿಸಿದೆವು. ಅವನಿಗೆ ಖಿನ್ನತೆಯೂ ಇತ್ತು. ಕುಡಿತದಿಂದಲೇ ಹುಟ್ಟಿದ ಖಿನ್ನತೆಯಾದರೆ ಕುಡಿತ ಬಿಟ್ಟ ಎರಡು-ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಿಳಿಯಾಗುತ್ತದೆ. ಅವನದು ತಿಳಿಯಾಗಲಿಲ್ಲ, ಕುಡಿತಕ್ಕಿಂತ ಮೊದಲೇ ಬಂದ ಖಿನ್ನತೆ ಅದು, ಅದಕ್ಕೇ ಬೇರೆ ಚಿಕಿತ್ಸೆ ಬೇಕಾಯಿತು. ಸಾಯುವ ಯೋಚನೆ ಇದ್ದರಂತೂ ವಾರಗಳನ್ನು ಎಣಿಸುತ್ತ ಕೂರುವ ಮಾತೇ ಇಲ್ಲ.

ಇಷ್ಟು ತಡವಾಗಿ ಏಕೆ ಬಂದೆ ಎಂದು ಕೇಳಿದೆ. ‘ನೀವೇ ಅಲ್ಲವೇ ಸರ್, ನಮ್ಮ ಪೋಸ್ಟಿಂಗ್‌ಗೆ ಅಂಕ ಕೊಡುವವರು?’ ಎಂದ. ಪೋಸ್ಟಿಂಗ್ ಎಂದರೆ ವಿಭಾಗದಲ್ಲಿ ರೋಗಿಗಳ ನಡುವೆ ಪಡೆಯುವ ತರಬೇತಿ. ನನ್ನಲ್ಲಿ ಉತ್ತರವಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೆಯ ಕಲಂ ರೋಗಿಯ ಗೋಪ್ಯತೆಯನ್ನು ಕಾಯುತ್ತದೆ, ಜೀವಕ್ಕೆ ಅಪಾಯವಿದ್ದಂಥ ಕೆಲವು ಸಂದರ್ಭಗಳ ಹೊರತು. ಆದರೆ ಪಾಠ ಹೇಳುವವನೇ ಚಿಕಿತ್ಸೆಯನ್ನೂ ಕೊಡುವ ಕಡೆ ಯಾವ ವಿದ್ಯಾರ್ಥಿ ಆ ಕಲಮನ್ನು ನಂಬಿ ಬರುತ್ತಾನೆ? ಕಾಲೇಜಿನ ಹೊರಗಿನ ಮನೋವೈದ್ಯರೊಬ್ಬರನ್ನು ವಿದ್ಯಾರ್ಥಿಗಳಿಗಾಗಿಯೇ ಗೊತ್ತುಮಾಡಿ ಎಂದು ಆಡಳಿತದವರನ್ನು ಕೇಳುತ್ತಲೇ ಇದ್ದೇನೆ. ಅದಾಗುವವರೆಗೆ ನನ್ನ ತರಗತಿಯ ಹಲಗೆಯ ಮೂಲೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ ಬರೆದಿಡುತ್ತೇನೆ: 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.