ಡ್ಯುಯಲ್ ಬೂಟ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಆಮೇಲೆ ಮೈಸೂರಿನ ನಮ್ಮ ಓದುಗುಂಪಿನಲ್ಲಿ, ಮಂಡ್ಯದಿಂದ ರೈಲಿನಲ್ಲಿ ಬಂದು ಹೋಗುವ ಗೆಳೆಯರಲ್ಲೂ, ಮನೆಯ ಹಳೇ ಕಂಪ್ಯೂಟರಿಗೆ ವಿಂಡೋಸ್ ಜೊತೆಗೇ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ (ಓಎಸ್) ಸೇರಿಸುವವರು ಜಾಸ್ತಿಯಾದರು. ಹೀಗೆ ಒಂದೇ ಯಂತ್ರದಲ್ಲಿ ಎರಡು ಓಎಸ್ ಇಟ್ಟು, ಆನ್ ಮಾಡುವಾಗ ಒಂದನ್ನು ಆರಿಸುವುದೇ ಡ್ಯುಯಲ್ ಬೂಟ್. ದೂರು ಮಾತ್ರ ಹೆಚ್ಚುಕಡಿಮೆ ಒಂದೇ: "ಇನ್‌ಸ್ಟಾಲ್ ಆಯ್ತು ಅಂತ ಬಂತು, ಆನ್ ಮಾಡಿದ್ರೆ ಸೀದಾ ವಿಂಡೋಸ್‌ಗೇ ಹೋಗುತ್ತೆ."

ತಕ್ಷಣ ಮತ್ತೆ ಇನ್‌ಸ್ಟಾಲ್ ಮಾಡಲು ಕೂರಬೇಡಿ. ಕಂಪ್ಯೂಟರ್ ಆನ್ ಆದಾಗ ಮೊದಲು ಮದರ್‌ಬೋರ್ಡ್‌ನಲ್ಲೇ ಇರುವ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್ ಏಳುತ್ತದೆ. ಅದು ಓಎಸ್ ಶುರುಮಾಡುವ ಬೂಟ್‌ಲೋಡರನ್ನು ಕರೆಯುತ್ತದೆ. ಉಬುಂಟುವಿನಲ್ಲಿ ಅದರ ಹೆಸರು ಗ್ರಬ್. ಗ್ರಬ್ ಓಎಸ್‌ನ ತಿರುಳಾದ ಕರ್ನಲ್‌ಗೆ ಕೆಲಸ ಒಪ್ಪಿಸುತ್ತದೆ. ಈ ಮೂರರಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೇಲಿನ ದೂರಿನಲ್ಲಿ ಗ್ರಬ್‌ವರೆಗೆ ಹೋಗಿಯೇ ಇಲ್ಲ. ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಕಂಪನಿಗೆ ತಕ್ಕ ಹಾಗೆ ಎಫ್12, ಎಫ್11, ಎಫ್8, ಎಸ್ಕೇಪ್, ಹೀಗೆ ಏನಾದರೊಂದು ಇರುತ್ತದೆ. ಪಟ್ಟಿಯಲ್ಲಿ "ಉಬುಂಟು" ಕಂಡರೆ ಅದನ್ನೇ ಆರಿಸಿ. ಅದು ತೆರೆದುಕೊಂಡರೆ ಇನ್‌ಸ್ಟಾಲ್ ಸರಿಯಾಗಿಯೇ ಇದೆ. ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಅದನ್ನು ವಿಂಡೋಸ್ ಬೂಟ್ ಮ್ಯಾನೇಜರ್‌ಗಿಂತ ಮೇಲಕ್ಕೆ ತಂದರೆ ಸಾಕು.

ಪಟ್ಟಿಯಲ್ಲೇ ಇಲ್ಲ ಅಂದರೆ? ಆಗ ನನ್ನ ಮೊದಲ ಅನುಮಾನ ಯಾವಾಗಲೂ ಬೂಟ್ ವಿಧಾನದ ಮೇಲೆ. ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನದಲ್ಲಿದ್ದು, ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವ್ ಹಳೇ ಲೆಗಸಿ ವಿಧಾನದಲ್ಲಿ ಎದ್ದಿದ್ದರೆ, ಎರಡಕ್ಕೂ ಪರಿಚಯವೇ ಆಗುವುದಿಲ್ಲ. ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು "ಬಯಾಸ್ ಮೋಡ್" ಸಾಲು ನೋಡಿ, ವಿಂಡೋಸ್ ಯಾವ ವಿಧಾನದಲ್ಲಿದೆ ಅಂತ ಅಲ್ಲಿ ಇರುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು, ಒಂದರ ಹೆಸರಿನ ಜೊತೆ ಯುಇಎಫ್‌ಐ ಅಂತ ಇರುತ್ತದೆ. ವಿಂಡೋಸ್ ಯಾವುದರಲ್ಲಿದೆಯೋ ಅದನ್ನೇ ಆರಿಸಬೇಕು. ಸುಮ್ನೆ ಮೇಲಿದ್ದದ್ದನ್ನು ಒತ್ತಿದರೆ ಕೆಲಸ ಕೆಡುತ್ತದೆ. ವಿಧಾನ ತಪ್ಪಿದೆ ಅಂತ ಖಚಿತವಾದರೆ ಮಾತ್ರ ಮತ್ತೆ ಇನ್‌ಸ್ಟಾಲ್ ಮಾಡುವ ಮಾತು.

ಗ್ರಬ್ ಬಂತು, ಅದರಲ್ಲಿ ವಿಂಡೋಸ್ ಮಾಯ. ಗಾಬರಿಯಾಗಬೇಡಿ, ಹೆಚ್ಚಿನ ಸಲ ವಿಂಡೋಸ್ ಅಲ್ಲೇ ಇರುತ್ತದೆ. 2021ರ ಗ್ರಬ್ 2.06ರಿಂದ, ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದಕ್ಕೆ ಅನುಮತಿ ಕೊಟ್ಟು, ಗ್ರಬ್ ಅಪ್‌ಡೇಟ್ ಮಾಡಿದರೆ ಹೆಸರು ಬರುತ್ತದೆ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಅದು ಬೇರೆ ಕಥೆ. ಕೆಲವು ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಇಂಟೆಲ್‌ನದೇ ಡಿಸ್ಕ್ ವ್ಯವಸ್ಥೆಯ ಹಿಂದೆ ಅಡಗಿರುತ್ತದೆ. ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಎಎಚ್‌ಸಿಐ ಎಂಬ ಮಾಮೂಲಿ ಡಿಸ್ಕ್ ವಿಧಾನಕ್ಕೆ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೇ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೂರಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹಾಕಿ, ಮರುಚಾಲನೆಯ ಹೊತ್ತಿನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು ಆಮೇಲೆ ಮಾಮೂಲಿಗೆ ತನ್ನಿ.

ಇಂಥ ಸೆಟ್ಟಿಂಗ್ ಮುಟ್ಟುವ ಮುಂಚೆ, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ನೋಡಿ. ಅದು ಆನ್ ಇದ್ದರೆ ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಕಂಪ್ಯೂಟರಿನಲ್ಲಿ ಉಳಿಸಿ ಏನು ಪ್ರಯೋಜನ, ಅಲ್ವಾ?

ಉಬುಂಟುವಿನಿಂದ ವಿಂಡೋಸ್ ಡ್ರೈವ್‌ಗೆ ಬರೆಯಲು ಆಗದಿದ್ದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಆಫ್ ಆಗುವುದೇ ಇಲ್ಲ.

ಗಡಿಯಾರದ ಸಮಸ್ಯೆ ಸಣ್ಣದು. ಬೆಳಗ್ಗೆ 10ಕ್ಕೆ ವಿಂಡೋಸ್ 4:30 ಅಂತ ತೋರಿಸುತ್ತಿದೆಯೇ? ಮದರ್‌ಬೋರ್ಡ್ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂತ ಇಡುತ್ತದೆ. ನಮಗೆ ಆ ಅಂತರ ಐದೂವರೆ ಗಂಟೆ. ಲಿನಕ್ಸನ್ನು ಸ್ಥಳೀಯ ಸಮಯಕ್ಕೆ ತನ್ನಿ, ಇಲ್ಲವೇ ವಿಂಡೋಸನ್ನು ಯುಟಿಸಿಗೆ. ಎರಡನ್ನೂ ಬದಲಿಸಿದರೆ ಮತ್ತೆ ಅದೇ ಐದೂವರೆ ಗಂಟೆಯ ಜಗಳ.